ಬಣ್ಣದ ಅಂಗಡಿಗೆ ಹೋಗುವ ಮೊದಲು

ತಂಗಿ, ಕೊಟ್ಟೂರು ಗುರು ಬಸವೇಶ್ವರನ ತೇರು ಮುಗೀತು. ಇನ್ನು ಯುಗಾದಿ, ಅದು ಕಳೆದು ವೈಶಾಖ ಬಂದರೆ ನಮ್ಮ ಉಜ್ಜಿನಿ ಮರುಳಸಿದ್ಧೇಶ್ವರನ ಜಾತ್ರೆ. ನೆಂಟರು ಬರುವುದರೊಳಗೆ ಮನೆಗೆ ಬಣ್ಣ ಮಾಡಿಸಬೇಕು ಅಂತ ನೀನು ಹೊರಟಿರುವುದು ಒಳ್ಳೆಯದೇ. ಈ ಎರಡು ತೇರುಗಳ ನಡುವಿನ ಕಾಲವೇ ಅದಕ್ಕೆ ತಕ್ಕದ್ದು. ಮಳೆಯ ಕಾಟವಿಲ್ಲ, ಗಾಳಿಯಲ್ಲಿ ತೇವವಿಲ್ಲ. ಆದರೆ ಒಂದು ಮಾತು ಕೇಳಿಕೊಂಡು ಹೋಗು. ಬಣ್ಣ ಯಾವ ಕೊಳೆಯನ್ನೂ ತೆಗೆಯುವುದಿಲ್ಲ, ಯಾವ ತೇವವನ್ನೂ ನಿಲ್ಲಿಸುವುದಿಲ್ಲ. ಮೈ ತೊಳೆಯದೆ ಹೊಸ ಸೀರೆ ಉಟ್ಟ ಹಾಗೆ ಆಗಬಾರದು. ಮೊದಲು ಗೋಡೆ ಸರಿಮಾಡು, ಆಮೇಲೆ ಬಣ್ಣ.

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಅನ್ನುವುದು ನಮ್ಮ ಸೀಮೆಯ ಮಾತು. ಗುಡಿಯ ಒಳಗಿನ ಕೆತ್ತನೆ ಕಂಡವರು ಆಡಿದ್ದು. ನೀನೂ ಮನೆಯನ್ನು ಒಳಗಿನಿಂದಲೇ ನೋಡುತ್ತಾ ಬಾ. ಹಗಲು ಬೆಳಕಿನಲ್ಲಿ ಒಂದೊಂದು ಗೋಡೆಯ ಮೇಲೂ ಅಂಗೈ ಆಡಿಸು. ಕೈಗೆ ಬಿಳಿ ಪುಡಿ ಹತ್ತಿದರೆ ಹಳೆಯ ಸುಣ್ಣ ಸಡಿಲವಾಗಿದೆ, ಕೆರೆದು ತೆಗೆಯಲೇಬೇಕು. ಬೆರಳಗೆಣ್ಣಿನಿಂದ ತಟ್ಟು. ಟೊಳ್ಳು ಸದ್ದು ಬಂದಲ್ಲಿ ಗಿಲಾವು ಬಿಟ್ಟಿದೆ, ಅಷ್ಟನ್ನು ಒಡೆದು ಹೊಸದಾಗಿ ಮೆತ್ತಿಸು. ಅಡುಗೆಮನೆ ಗೋಡೆಗೆ ನಾಲ್ಕು ಹನಿ ನೀರು ಚಿಮುಕಿಸು. ಹನಿ ಹೀರದೆ ಮುತ್ತಿನಂತೆ ನಿಂತರೆ ಅಲ್ಲಿ ಎಣ್ಣೆ ಜಿಡ್ಡು ಕೂತಿದೆ.

ನಮ್ಮ ಜಾತ್ರೆಯ ಶಿಖರ ತೈಲಾಭಿಷೇಕ ನೋಡಿದ್ದೀಯಲ್ಲ? ಜರಿಮಲೆ ಪಾಳೇಗಾರರ ಮನೆತನದ ಎಣ್ಣೆ, ಭಕ್ತರು ಹೊತ್ತು ತಂದ ಎಣ್ಣೆ, ಎಲ್ಲ ಶಿಖರದ ಮೇಲಿಂದ ಇಳಿಯುತ್ತದೆ. ಎಣ್ಣೆ ಹತ್ತಿದ ಕಲ್ಲಿಗೆ ನೀರು ಬೇಗ ಇಳಿಯುವುದಿಲ್ಲ. ಬಿಸಿಲು ಮಳೆಗೆ ನಿಂತ ಕಲ್ಲಿಗೆ ಅದು ಒಳಿತು. ಅದೇ ಗುಣ ಒಗ್ಗರಣೆ ಸಿಡಿದ ಗೋಡೆಯಲ್ಲಿ ಬಣ್ಣವನ್ನೂ ಹತ್ತಗೊಡುವುದಿಲ್ಲ. ಆರು ತಿಂಗಳಿಗೆ ಸಿಪ್ಪೆ ಎದ್ದು ಬರುತ್ತದೆ, ಇಲ್ಲವೇ ಹೊಗೆಯ ಹಳದಿ ಕಲೆ ಮತ್ತೆ ಮೇಲೆ ಮೂಡುತ್ತದೆ. ಗಿಲಾವು ಗಟ್ಟಿಯಿರುವ ಗೋಡೆಯಾದರೆ ಒಂದು ಬಕೆಟ್ ಬಿಸಿನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕು. ಕೈಗೆ ಗವಸು ತೊಟ್ಟು ಕೆಳಗಿನಿಂದ ಮೇಲಕ್ಕೆ ಉಜ್ಜು, ಇಲ್ಲದಿದ್ದರೆ ಇಳಿದ ಕೊಳೆನೀರಿನ ಗೆರೆ ಒಣಗೋಡೆಯ ಮೇಲೆ ಉಳಿಯುತ್ತದೆ. ಆಮೇಲೆ ಬರೀ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡು.

ಬಚ್ಚಲ ಪಕ್ಕದ ಗೋಡೆಯ ಬುಡದಲ್ಲಿ ಬಿಳಿ ಬೂದಿಯಂತೆ ಏಳುವುದು ಸವುಳು. ನೆಲದ ತೇವ ಗೋಡೆಗೆ ಏರಿ, ನೀರು ಆರಿ, ಉಪ್ಪು ಮಾತ್ರ ಉಳಿದದ್ದು ಅದು. ಅದನ್ನು ನೀರಿನಿಂದ ತೊಳೆದರೆ ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಒಣ ಬ್ರಷ್ಷಿನಿಂದ ಉದುರಿಸಿ, ಗುಡಿಸಿ ಹೊರಗೆ ಹಾಕು. ಆಮೇಲೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕು. ಒಡೆದ ಪೈಪೋ, ಗೋಡೆಗೆ ಒರಗಿ ನಿಂತ ಮೋರಿ ನೀರೋ, ಸೋರುವ ಮಾಳಿಗೆಯೋ ಇದ್ದೇ ಇರುತ್ತದೆ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಅದನ್ನು ಮೊದಲು ಅಲ್ಲಿಗೆ ಹಾಕು, ಬಣ್ಣ ಮುಂದಿನ ವರ್ಷಕ್ಕಿರಲಿ.

ನಿಮ್ಮ ಮನೆಯ ಹಿಂದಿನ ಅರ್ಧ ಮಣ್ಣಿನ ಮಾಳಿಗೆ, ಮುಂದಿನದು ಸಿಮೆಂಟು. ಎರಡಕ್ಕೂ ಒಂದೇ ಬಣ್ಣ ಹಚ್ಚಿಸಬೇಡ. ಮಣ್ಣಿನ ಗೋಡೆ ಉಸಿರಾಡುತ್ತದೆ, ಒಳಗಿನ ತೇವ ಹೊರಗೆ ಹೋಗಬೇಕು. ಪ್ಲಾಸ್ಟಿಕ್ ಪೇಂಟು ಬಳಿದರೆ ತೇವ ಹಿಂದೆಯೇ ಸಿಕ್ಕಿ ಗುಳ್ಳೆ ಏಳುತ್ತದೆ. ಅಲ್ಲಿಗೆ ಸುಣ್ಣವೇ ಸರಿ. ಸುಟ್ಟ ಸುಣ್ಣದ ಕಲ್ಲನ್ನು ಅಗಲ ಬಾಯಿಯ ಕಬ್ಬಿಣದ ಪಾತ್ರೆಯ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಕೊತಕೊತ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡ, ಕಣ್ಣಿಗೆ ಕನ್ನಡಕ ಹಾಕಿಕೊ. ಒಂದು ದಿನ ನೆನೆದ ಮೇಲೆ ಬಟ್ಟೆಯಲ್ಲಿ ಸೋಸಿ, ಅಂಟು ಕಲಸಿ, ಚಿಟಿಕೆ ನೀಲಿ ಹಾಕು. ಗೋಡೆಗೆ ಮೊದಲು ನೀರು ಚಿಮುಕಿಸಿ, ತೆಳುವಾಗಿ ಎರಡು ಮೂರು ಸಲ ಬಳಿ. ಹಸಿಯಿದ್ದಾಗ ಏನೂ ಹತ್ತಿಲ್ಲ ಅನ್ನಿಸುತ್ತದೆ, ದಪ್ಪ ಮಾಡಲು ಹೋಗಬೇಡ. ಒಣಗುತ್ತಾ ಬೆಳ್ಳಗಾಗುತ್ತದೆ. ಬುಡಕ್ಕೆ ಒಂದು ಮೊಳ ಎತ್ತರ ಕೆಮ್ಮಣ್ಣಿನ ಪಟ್ಟಿ ಎಳೆಸು. ಹಿರಿಯರು ಅಂದಕ್ಕೆ ಮಾತ್ರ ಹಾಗೆ ಮಾಡಿದ್ದಲ್ಲ, ಮಳೆಗೆ ಸಿಡಿಯುವ ಮಣ್ಣು ಅದರ ಮೇಲೆ ಕಾಣುವುದಿಲ್ಲ.

ಸಿಮೆಂಟು ಗೋಡೆಗೆ ಎಮಲ್ಷನ್ ಇರಲಿ. ಹೊಸ ಗಿಲಾವಾದರೆ ಕನಿಷ್ಠ 28 ದಿನ ಕಳೆಯಲಿ, ಅದಕ್ಕಿಂತ ಹೆಚ್ಚು ಬಿಟ್ಟರೆ ಇನ್ನೂ ಒಳ್ಳೆಯದು. ಪುಟ್ಟಿ ಒಣಗಿ, ಪೇಪರು ಹಾಕಿ ಉಜ್ಜಿ, ದೂಳು ಒರೆಸಿ, ಪ್ರೈಮರ್ ಆದ ಮೇಲೆ ಎರಡು ಕೋಟು. ಎರಡರ ನಡುವೆ ನಾಲ್ಕು ತಾಸಾದರೂ ಬಿಡು. ಸೂರು ಮೊದಲು, ಗೋಡೆ ಆಮೇಲೆ, ಬಾಗಿಲು ಕಿಟಕಿ ಕಡೆಗೆ. ಬೆಳಕಿಂಡಿಯೊಂದರಿಂದಲೇ ಬೆಳಕು ಬೀಳುವ ಕೋಣೆಗೆ ಕಡುಬಣ್ಣ ಬೇಡ, ತೆಳು ಕೆನೆಬಣ್ಣ ಸಾಕು. ಬಾಗಿಲಿನ ಹಳೆಯ ಆಯಿಲ್ ಪೇಂಟನ್ನು ಒಣಗಿದ್ದಾಗ ಉಜ್ಜಿಸಬೇಡ, ನೀರು ಹಚ್ಚಿ ಉಜ್ಜಿಸು. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು, ಅದರ ಪುಡಿ ಮಕ್ಕಳ ಮಿದುಳಿಗೆ ಕೆಡುಕು. 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮವಿದೆ. ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿಯೇ ತಗೊ.

ಇನ್ನು ಕಲೆಗಳ ವಿಷಯ. ಅರಿಶಿನದ ಕಲೆಗೆ ಸಾಬೂನು ಹಚ್ಚಿದ ಕೂಡಲೇ ಕೆಂಪಗಾದರೆ ಹೆದರಬೇಡ. ಆರತಿ ತಟ್ಟೆಯ ಅರಿಶಿನದ ನೀರಿಗೆ ಸುಣ್ಣ ಬಿದ್ದಾಗ ಆಗುವುದೂ ಅದೇ. ಬಟ್ಟೆಯನ್ನು ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಗೋಡೆಯ ಮೇಲಿನ ಅರಿಶಿನದ ಬೆರಳಚ್ಚನ್ನು ಮಾತ್ರ ಸುಣ್ಣಕ್ಕೆ ಮೊದಲೇ ಕೆರೆದು ತೆಗೆ, ಇಲ್ಲದಿದ್ದರೆ ಬಿಳಿ ಸುಣ್ಣದಲ್ಲಿ ಕೆಂಪು ಮೂಡುತ್ತದೆ. ಮಿರ್ಚಿಯ ಎಣ್ಣೆ ಸೀರೆಗೆ ಬಿದ್ದರೆ ನೀರು ಹಾಕುವ ಮೊದಲು ಸೀಮೆಸುಣ್ಣದ ಪುಡಿ ಉದುರಿಸು. ಅದು ಎಣ್ಣೆ ಹೀರಿದ ಮೇಲೆ ಕೊಡವಿ, ಪಾತ್ರೆ ತೊಳೆಯುವ ಸಾಬೂನು ಹಚ್ಚಿ ಒಗೆ. ಎರೆಮಣ್ಣಿನ ಕೆಸರು ಹತ್ತಿದರೆ ಹಸಿಯಿದ್ದಾಗ ಉಜ್ಜಬೇಡ, ಒಣಗಿದ ಮೇಲೆ ಕೊಡವಿದರೆ ಅರ್ಧ ಹೋಗುತ್ತದೆ. ಕೆಂಪು ಮಣ್ಣಿನಲ್ಲೂ ತುಕ್ಕಿನಲ್ಲೂ ಇರುವುದು ಕಬ್ಬಿಣ. ಅದಕ್ಕೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕಲೆ ಗಟ್ಟಿಯಾಗುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಡು.

ಬೋರಿನ ಗಡಸು ನೀರಿನಿಂದ ನಲ್ಲಿಗೆ ಕಟ್ಟಿದ ಬಿಳಿ ಹಕ್ಕಳೆಯೂ ನಿಂಬೆಹುಳಿಗೆ ಬಿಡುತ್ತದೆ. ಆದರೆ ಅದೇ ಹುಳಿಯನ್ನು, ಬಚ್ಚಲು ತೊಳೆಯುವ ಆಸಿಡ್ಡನ್ನು ಕಡಪ ಕಲ್ಲು, ಶಹಾಬಾದ್ ಕಲ್ಲಿನ ನೆಲಕ್ಕೆ ಮುಟ್ಟಿಸಬೇಡ. ಅವೂ ಸುಣ್ಣದ ಕಲ್ಲುಗಳೇ, ಹುಳಿ ತಿಂದು ಹೊಳಪು ಕಳೆಯುತ್ತದೆ. ಮುಖ್ಯವಾಗಿ, ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಎಂದೂ ಸೇರಿಸಬೇಡ. ಅದರಿಂದ ಏಳುವ ಕ್ಲೋರಿನ್ ಗಾಳಿ ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಕುತ್ತು. ನಿಮ್ಮ ಮನೆಯವರಿಗೂ ಅತ್ತೆಯವರಿಗೂ ಇದನ್ನು ಮರೆಯದೆ ಹೇಳು.

ಕೆಲಸವೆಲ್ಲ ಮುಗಿದ ಮೇಲೆ ಉಳಿದ ಬಣ್ಣವನ್ನು ಗಟ್ಟಿಯಾಗಿ ಮುಚ್ಚಿಟ್ಟು, ಯಾವ ಕೋಣೆಗೆ ಯಾವ ನಂಬರಿನ ಬಣ್ಣ, ಯಾವ ತಿಂಗಳು ಹಚ್ಚಿದ್ದು ಅಂತ ಗೋಡೆ ಬೀರುವಿನ ಬಾಗಿಲ ಒಳಗೆ ಬರೆದಿಡು. ಮುಂದೆ ಒಂದು ಗೀರು ಬಿದ್ದರೆ ಅಷ್ಟಕ್ಕೇ ಹಚ್ಚಿ ಮುಗಿಸಬಹುದು, ಗೋಡೆಗೆ ಗೋಡೆಯನ್ನೇ ಬಳಿಸುವ ಖರ್ಚು ಉಳಿಯುತ್ತದೆ. ನಾಳೆ ಬೆಳಿಗ್ಗೆ ಬಚ್ಚಲ ಗೋಡೆಯಿಂದ ಶುರು ಮಾಡು. ಅಲ್ಲಿ ತೇವ ನಿಂತರೆ ಮಿಕ್ಕ ಕೆಲಸವೆಲ್ಲ ಹಗುರ.