ಪಿಯುಸಿ ನಂತರ ಯಾವ ಪ್ರವೇಶ ಪರೀಕ್ಷೆ? ಮೊದಲು ಸೀಟು ನಿರ್ಧರಿಸಿ, ಆಮೇಲೆ ಪರೀಕ್ಷೆ



ವಿಜ್ಞಾನ ವಿಭಾಗದ ಪಿಯುಸಿ ವಿದ್ಯಾರ್ಥಿಗಳನ್ನು ಸಂದರ್ಶನದಲ್ಲಿ "ಯಾವ ಪ್ರವೇಶ ಪರೀಕ್ಷೆ ಬರೆಯುತ್ತೀರಿ?" ಎಂದು ಕೇಳಿದರೆ ಹಲವರ ಉತ್ತರ "ಎಲ್ಲವನ್ನೂ" ಎಂದೇ ಇರುತ್ತದೆ. ನೀಟ್, ಜೆಇಇ, ಸಿಇಟಿ, ಕಾಮೆಡ್‌ಕೆ ನಾಲ್ಕಕ್ಕೂ ಶುಲ್ಕ ಕಟ್ಟಿರುತ್ತಾರೆ, ಆದರೆ ಯಾವುದಕ್ಕೂ ಪೂರ್ಣ ತಯಾರಿ ಇರುವುದಿಲ್ಲ. ದಿನಗೂಲಿಯಲ್ಲಿ ಉಳಿಸಿದ ಹಣವೂ ಮಗುವಿನ ಒಂದು ವರ್ಷವೂ ಇದರಲ್ಲಿ ಕರಗುತ್ತವೆ. ಆದ್ದರಿಂದ ಈ ಬಾರಿಯ ವರದಿಯಲ್ಲಿ ಈ ಪರೀಕ್ಷೆಗಳ ನಡುವಿನ ವ್ಯತ್ಯಾಸವನ್ನು ಸರಳವಾಗಿ ತಿಳಿಸುತ್ತಿದ್ದೇವೆ.

ಸಿಇಟಿ: ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪರೀಕ್ಷೆ. ಇಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಫಾರ್ಮಸಿ ಕೋರ್ಸ್‌ಗಳ ಸರ್ಕಾರಿ ಕೋಟಾದ ಸೀಟಿಗೆ ಇದೇ ದಾರಿ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ನೀಟ್: ಎಂಬಿಬಿಎಸ್, ದಂತ ವೈದ್ಯಕೀಯ, ಆಯುರ್ವೇದ, ಯುನಾನಿ ಕೋರ್ಸ್‌ಗಳಿಗೆ ಇದೊಂದೇ ಬಾಗಿಲು. 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಅರ್ಧದಷ್ಟು ಪ್ರಶ್ನೆಗಳು ಜೀವಶಾಸ್ತ್ರದವು. ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು.

ಜೆಇಇ ಮೇನ್: ಸುರತ್ಕಲ್‌ನ ಎನ್‌ಐಟಿಯಂಥ ಕೇಂದ್ರೀಯ ಸಂಸ್ಥೆಗಳಿಗೆ. ಸುರತ್ಕಲ್‌ನಲ್ಲಿ ಅರ್ಧದಷ್ಟು ಸೀಟು ನಮ್ಮ ರಾಜ್ಯದವರಿಗೇ ಮೀಸಲು. ಐಐಟಿ ಸೇರಲು ಇದರ ನಂತರ ಅಡ್ವಾನ್ಸ್ಡ್ ಎಂಬ ಇನ್ನೊಂದು ಪರೀಕ್ಷೆ ಬರೆಯಬೇಕು. ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ.

ಕಾಮೆಡ್‌ಕೆ: ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಸೀಟಿಗೆ. ಪರೀಕ್ಷೆ ಇಂಗ್ಲಿಷ್‌ನಲ್ಲಿ. ಅದೇ ಕಾಲೇಜಿನ ಸಿಇಟಿ ಸೀಟಿಗಿಂತ ಇಲ್ಲಿ ಶುಲ್ಕ ಹೆಚ್ಚು.

ಇನ್ನು ಪಿಯುಸಿ ಅಂಕದ ಲೆಕ್ಕ. ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕ್ ನಿರ್ಧರಿಸುವಾಗ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯುಸಿ ಅಂಕಗಳಿಗೆ ಅರ್ಧ ತೂಕ, ಸಿಇಟಿ ಅಂಕಗಳಿಗೆ ಅರ್ಧ ತೂಕ. ಒಂದು ಉದಾಹರಣೆ ನೋಡೋಣ. ಒಬ್ಬ ವಿದ್ಯಾರ್ಥಿನಿಗೆ ಪಿಯುಸಿಯ ಈ ಮೂರು ವಿಷಯಗಳಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 72 ಬಂದಿದೆ. ಅವಳ ಒಟ್ಟು ಲೆಕ್ಕ 45 ಮತ್ತು 20 ಸೇರಿ 65. ಇನ್ನೊಬ್ಬನಿಗೆ ಪಿಯುಸಿಯಲ್ಲಿ 210, ಸಿಇಟಿಯಲ್ಲಿ 99. ಅವನದು 35 ಮತ್ತು 27.5 ಸೇರಿ 62.5. ಸಿಇಟಿಯಲ್ಲಿ 27 ಅಂಕ ಕಡಿಮೆ ಪಡೆದವಳೇ ರ‍್ಯಾಂಕ್‌ನಲ್ಲಿ ಮುಂದಿದ್ದಾಳೆ!

ನೀಟ್, ಜೆಇಇ, ಕಾಮೆಡ್‌ಕೆಯಲ್ಲಿ ಹೀಗಿಲ್ಲ. ಅಲ್ಲಿ ಪಿಯುಸಿಯಲ್ಲಿ ನಿಗದಿತ ಅರ್ಹತಾ ಅಂಕ ಇದ್ದರೆ ಸಾಕು, ರ‍್ಯಾಂಕ್ ಪ್ರವೇಶ ಪರೀಕ್ಷೆಯ ಅಂಕದಿಂದಲೇ ಬರುತ್ತದೆ. ಆದ್ದರಿಂದ ಕಾಲೇಜಿನ ಪಾಠವನ್ನು ಶ್ರದ್ಧೆಯಿಂದ ಓದಿ, ಆದರೆ ದುಬಾರಿ ಕೋಚಿಂಗ್‌ಗೆ ಹೋಗಲಾಗದ ಮಗುವಿಗೆ ಸಿಇಟಿ ಹೆಚ್ಚು ಅನುಕೂಲಕರ. ಕೋಚಿಂಗ್ ಹೆಸರಿನಲ್ಲಿ ಪಿಯುಸಿ ಪಾಠವನ್ನು ಕಡೆಗಣಿಸುವುದು ಈ ಅನುಕೂಲವನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ಹಣಕಾಸಿನ ಲೆಕ್ಕವನ್ನೂ ಮೊದಲೇ ಮಾಡಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಶೈಕ್ಷಣಿಕ ಸಾಲ ಸಿಇಟಿ ಅಥವಾ ನೀಟ್ ಮೂಲಕ ಸೀಟು ಪಡೆದವರಿಗಾಗಿ ಇರುವಂಥದ್ದು. ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಎಂಬುದರ ಮೇಲೆ ಮುಂದಿನ ನಾಲ್ಕೈದು ವರ್ಷದ ನೆರವೂ ನಿಂತಿದೆ.

ದಾಖಲೆಗಳ ವಿಷಯದಲ್ಲಿ ಉದಾಸೀನ ಬೇಡ. ಸಿಇಟಿಗೆ 2ಬಿ ಜಾತಿ-ಆದಾಯ ಪ್ರಮಾಣಪತ್ರ ಬೇಕು. ಕೇಂದ್ರದ ಸಂಸ್ಥೆಗಳಿಗೆ ಅದು ನಡೆಯುವುದಿಲ್ಲ. ಅಲ್ಲಿ ಒಬಿಸಿ ಮೀಸಲಾತಿ ಕೇಳುವವರು ಕೇಂದ್ರದ ನಮೂನೆಯ ಪ್ರಮಾಣಪತ್ರವನ್ನೇ ಮಾಡಿಸಬೇಕು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರು ಶಾಲೆಯಿಂದ ಅಧ್ಯಯನ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಿ. ರಾಜ್ಯದ ಸೀಟುಗಳಲ್ಲಿ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ.

ಅರ್ಜಿ ತುಂಬುವ ಮೊದಲು ಮನೆಯಲ್ಲಿ ಕುಳಿತು ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಮಗುವಿಗೆ ಯಾವ ಕೋರ್ಸ್ ಬೇಕು? ಎಷ್ಟು ಶುಲ್ಕ ಭರಿಸಬಲ್ಲೆವು? ಮಗಳನ್ನಾಗಲಿ ಮಗನನ್ನಾಗಲಿ ಎಷ್ಟು ದೂರ ಕಳಿಸಲು ಸಿದ್ಧರಿದ್ದೇವೆ? ಹುಬ್ಬಳ್ಳಿಯಿಂದಾಚೆ ಕಳಿಸುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ ಮನೆಯವರು ದೇಶವ್ಯಾಪಿ ಪರೀಕ್ಷೆಗೆ ಎರಡು ವರ್ಷ ಮಗುವನ್ನು ದಣಿಸಿದರೆ ಫಲವೇನು? ಉತ್ತರ ಸ್ಪಷ್ಟವಾದರೆ ಒಂದು ಮುಖ್ಯ ಪರೀಕ್ಷೆ, ಅದರ ಜೊತೆಗೆ ಒಂದು ಪರ್ಯಾಯ ಸಾಕು. ಇಂಜಿನಿಯರಿಂಗ್ ಬಯಸುವವರಿಗೆ ಸಿಇಟಿಯ ಜೊತೆ ಜೆಇಇ ಮೇನ್ ಅಥವಾ ಕಾಮೆಡ್‌ಕೆ, ವೈದ್ಯಕೀಯ ಬಯಸುವವರಿಗೆ ನೀಟ್‌ನ ಜೊತೆ ಸಿಇಟಿ.

ದಾನಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಶುಲ್ಕ ಕಟ್ಟುವುದರ ಜೊತೆಗೆ, ಈ ದಾರಿಗಳನ್ನು ಬಲ್ಲ ನಿಮ್ಮ ಮನೆಯ ಮಕ್ಕಳು ಒಂದು ಸಂಜೆ ಬಿಡುವು ಮಾಡಿಕೊಂಡು ಒಂದು ಕುಟುಂಬದ ಜೊತೆ ಕುಳಿತು ಅರ್ಜಿ ತುಂಬಿಸಿಕೊಡಲಿ. ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಮೇಲಿನ ಮೂರು ಉತ್ತರಗಳನ್ನೂ ಲಗತ್ತಿಸಿ. ಅವನ್ನು ನೋಡಿಯೇ ಪರೀಕ್ಷಾ ಶುಲ್ಕದ ನೆರವನ್ನು ನಿರ್ಧರಿಸುತ್ತೇವೆ. ಅಲ್ಲಾಹನು ನಮ್ಮ ಮಕ್ಕಳ ಶ್ರಮವನ್ನು ಸಫಲಗೊಳಿಸಲಿ, ಆಮೀನ್.