ಹಲ್ಲಿನ ಕಲೆ ಯಾವ ಇಲಾಖೆಯದು?

ಹೋಳೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ನಮ್ಮ ಗೆಳೆಯರಲ್ಲಿ ಕೆಲವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಹಲ್ಲಿನ ಮೇಲಿನ ಆ ಕಂದು ಪಟ್ಟೆ ಸರಿಯಾಗಿ ಉಜ್ಜದೆ ಬಂದದ್ದಲ್ಲ, ಫ್ಲೋರೋಸಿಸ್. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆಳದ ಕೊಳವೆಬಾವಿಯ ನೀರಿಗೆ ಬಂಡೆಯಲ್ಲಿನ ಫ್ಲೋರೈಡ್ ಕರಗಿ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಸುಮಾರು 8 ವರ್ಷದೊಳಗೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ ಬಿದ್ದ ಕಲೆ ತಾನಾಗಿ ಹೋಗದು. ಇಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ.

ಇದನ್ನು ವಾಸಿ ಮಾಡುವ ಮಾತ್ರೆ ಇಲ್ಲ. ಆದ್ದರಿಂದ ವೈದ್ಯರೊಬ್ಬರೇ ಮಾಡಿ ಮುಗಿಸುವ ಕೆಲಸವೂ ಅಲ್ಲ. ಕಲೆ ಕಣ್ಣಿಗೆ ಬೀಳುವುದು ಶಾಲೆಯ ಆರೋಗ್ಯ ತಪಾಸಣೆಯಲ್ಲಿ. ನೀರಿನ ಪರೀಕ್ಷೆ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯದು. ನೀರು ಪೂರೈಕೆ ಪಂಚಾಯಿತಿಯದು. ಗರ್ಭಿಣಿ ಮತ್ತು ಮಗುವಿನ ಪೌಷ್ಟಿಕ ಆಹಾರ ಅಂಗನವಾಡಿಯದು. ಹಾಲಿನ ಕ್ಯಾಲ್ಸಿಯಂ ಫ್ಲೋರೈಡ್ ಮೈಗೆ ಸೇರುವುದನ್ನು ತಗ್ಗಿಸುತ್ತದೆ, ಹಾಗಾಗಿ ಅಂಗನವಾಡಿಯ ಪಾಲು ಸಣ್ಣದಲ್ಲ. ತಪಾಸಣೆಯ ಪಟ್ಟಿ ಕಡತದಲ್ಲೇ ಉಳಿದರೆ ಆ ಊರಿನ ಕೊಳವೆಬಾವಿ ಹಾಗೆಯೇ ಓಡುತ್ತದೆ, ಮುಂದಿನ ಮಗುವಿಗೂ ಅದೇ ನೀರು.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ (ರಸಾಯನಶಾಸ್ತ್ರ ಓದುವವರಿಗೆ ಇದನ್ನು ಹೇಳಬೇಕಿಲ್ಲ). ಮನೆಯಲ್ಲಿ ಚಿಕ್ಕ ತಮ್ಮ, ತಂಗಿ ಇದ್ದರೆ ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ. ನಿಮ್ಮೂರಿನ ನೀರಿನ ಪರೀಕ್ಷಾ ವರದಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳಿ.