ಅಮ್ಮನ ವಾಚಿಗೆ ಎದೆಬಡಿತ ಹೇಗೆ ಗೊತ್ತು?

ಪ್ರಶ್ನೆ: ನಮ್ಮ ತಾಯಿಗೆ 71 ವರ್ಷ. ಪುಣೆಯ ಕೋಥ್ರೂಡ್‌ನಲ್ಲಿ ಒಬ್ಬರೇ ಇದ್ದಾರೆ, ನಾನು ಬೆಂಗಳೂರಿನಲ್ಲಿ. ನಾನು ಕೊಡಿಸಿದ ಸ್ಮಾರ್ಟ್‌ವಾಚ್ ಮೊನ್ನೆ ‘ಎದೆಬಡಿತ ಏರುಪೇರಾಗಿದೆ’ ಎಂದು ತೋರಿಸಿತಂತೆ. ಅವರಿಗೆ ಏನೂ ಅನಿಸಿಲ್ಲ. ನಂಬಬಹುದೆ? ಇಲ್ಲಿಂದಲೇ ನಿಗಾ ಇಡಬಹುದೆ?

ಉತ್ತರ: ಏನೂ ಅನಿಸದಿರುವುದೇ ಈ ತೊಂದರೆಯ ಕಳ್ಳತನ. ವಾಚು ಹುಡುಕುವುದು ಮುಖ್ಯವಾಗಿ ಏಟ್ರಿಯಲ್ ಫಿಬ್ರಿಲೇಷನ್ ಅನ್ನು, ವೈದ್ಯರ ಬಾಯಲ್ಲಿ ಎ-ಫಿಬ್. ಹೃದಯದ ಮೇಲಿನ ಕೋಣೆಗಳು ಹಿಂಡುವ ಬದಲು ನಡುಗುತ್ತವೆ. ಎಡಗಡೆಯ ಒಂದು ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ.

ರಾತ್ರಿ ದೀಪ ಆರಿಸಿ, ವಾಚನ್ನು ತುಸು ಎತ್ತಿ ನೋಡಲು ಹೇಳಿ. ಅಡಿಯಲ್ಲಿ ಹಸಿರು ಬೆಳಕು ಮಿಣುಕುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿಗೆ ರಕ್ತ ನುಗ್ಗಿದಾಗ ಮರಳುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತದಿಂದ ಬಡಿತಗಳ ನಡುವಿನ ಅಂತರ ಸಿಗುತ್ತದೆ. ಸುಮ್ಮನೆ ಕೂತಾಗಲೂ ಮತ್ತೆ ಮತ್ತೆ ತಾಳ ತಪ್ಪಿದರೆ ಎಚ್ಚರಿಕೆ. ಬಳೆಗಳ ನಡುವೆ ವಾಚು ಸಡಿಲವಾಗಿ ಜಾರುತ್ತಿದ್ದರೆ, ಅಡಿಯಲ್ಲಿ ಹಚ್ಚೆ ಇದ್ದರೆ, ಲೆಕ್ಕ ಕೆಡುತ್ತದೆ. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳ ಮುಂಗೈಯಲ್ಲಿ ಹಚ್ಚೆ ಅಪರೂಪವೇನಲ್ಲ.

ನಂಬಿಕೆಯ ಮಾತು. 2019ರಲ್ಲಿ ಪ್ರಕಟವಾದ ಅಮೆರಿಕದ ಆ್ಯಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಜನರಿದ್ದರು. ಎಚ್ಚರಿಕೆ ಬಂದದ್ದು ಶೇ. 0.52 ಮಂದಿಗೆ. ಅವರಲ್ಲಿ ಎದೆಗೆ ಇಸಿಜಿ ಪ್ಯಾಚ್ ಅಂಟಿಸಿಕೊಂಡು ಹಿಂದಿರುಗಿಸಿದ 450 ಜನರ ಪೈಕಿ ಎ-ಫಿಬ್ ಕಂಡದ್ದು ಶೇ. 34ರಷ್ಟು ಮಂದಿಯಲ್ಲಿ. ಇಷ್ಟೇನಾ ಎಂದು ಮೂಗು ಮುರಿಯಬೇಡಿ. ಇದು ಬಂದು ಹೋಗುವ ತೊಂದರೆ. ಪ್ಯಾಚ್ ಅಂಟಿಸುವ ಹೊತ್ತಿಗೆ ತಾಳ ಸರಿಹೋಗಿರಬಹುದು. ಹಾಗಾಗಿ ಈ ವಾರವೇ ವೈದ್ಯರಲ್ಲಿ 12 ಲೀಡಿನ ಇಸಿಜಿ ಮಾಡಿಸಿ. ಅದರಲ್ಲಿ ಏನೂ ಸಿಗದಿದ್ದರೆ ಒಂದೆರಡು ದಿನ ಮೈಮೇಲೇ ಇದ್ದು ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಬೇಕೇ ಎಂದು ಕೇಳಿ. ವಾಚಿನ ಮಾತು ಕೇಳಿ ಬ್ಲಡ್ ಥಿನ್ನರ್ ಶುರುಮಾಡುವುದಂತೂ ಬೇಡ. ಹೃದಯಾಘಾತವನ್ನು ಹಿಡಿಯುವ ಶಕ್ತಿ ವಾಚಿಗಿಲ್ಲ. ಎದೆನೋವು ಬಂದಾಗ ಅದನ್ನು ನೋಡುತ್ತ ಕೂರಬಾರದು.

ದೂರದಿಂದ ನಿಗಾ ಎಂಬುದು ಹೊಸತಲ್ಲ. 1905ರಲ್ಲೇ ಇಸಿಜಿಯ ಜನಕ ಐಂಟ್‌ಹೋವನ್ ಹಾಲೆಂಡಿನ ಲೈಡನ್ನಿನಲ್ಲಿ ಆಸ್ಪತ್ರೆಯ ರೋಗಿಯ ಇಸಿಜಿಯನ್ನು ಟೆಲಿಫೋನ್ ತಂತಿಯಲ್ಲಿ ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡ. ಆದರೆ ತಂತಿಯ ಈ ತುದಿಯಲ್ಲಿ ಅವನೇ ಇದ್ದ. ನಿಮ್ಮ ತಾಯಿಯ ವಾಚಿನ ತುದಿಯಲ್ಲಿ ಯಾರೂ ಇಲ್ಲ. ಮಾಹಿತಿ ಅವರ ಫೋನಿಗೆ ಹೋಗುತ್ತದೆ, ಹಂಚಿಕೆ ಹಾಕಿಕೊಂಡಿದ್ದರೆ ನಿಮ್ಮದಕ್ಕೂ ಬರುತ್ತದೆ. ಅವರು ವೇತಾಳ ಟೇಕಡಿ ಗುಡ್ಡ ಹತ್ತುವಾಗ ಫೋನು ಅಡುಗೆಮನೆಯಲ್ಲಿ ಚಾರ್ಜಾಗುತ್ತಿದ್ದರೆ, ಆ ಹೊತ್ತಿನ ಸುದ್ದಿ ನಿಮಗೆ ಆಗಲೇ ತಲುಪದಿರಬಹುದು.

ಲಕ್ವದ ಗುರುತುಗಳಾದ ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಕಂಡರೆ ನೇರ ಆಸ್ಪತ್ರೆಗೆ. ಇನ್ನೊಂದು: ನೀವು ಬೆಂಗಳೂರಿನಿಂದ ಆಂಬುಲೆನ್ಸಿಗೆಂದು 108 ಒತ್ತಿದರೆ ಎತ್ತುವುದು ಕರ್ನಾಟಕದ ಕೇಂದ್ರ, ಪುಣೆಯದಲ್ಲ. ಪಕ್ಕದ ಮನೆಯವರ, ಸೊಸೈಟಿಯ ವಾಚ್‌ಮನ್‌ನ ನಂಬರ್ ಬರೆದಿಟ್ಟುಕೊಳ್ಳಿ. ಮನೆಯ ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆಯೆಂದು ಇವತ್ತೇ ಕೇಳಿ.